ಮೈಸೂರಲ್ಲಿ ಹಳೇ ಕಾಲದ ಸಿನಿಮಾ ಜಾಗಗಳನ್ನ ನಡ್ಕೊಂಡು ತೋರ್ಸೋದು ಹೇಗೆ

ಮೈಸೂರಿಗೆ ನೆಂಟ್ರು ಬಂದ್ರೆ ನಾವು ಮಾಡೋದು ಒಂದೇ ಕೆಲ್ಸ, ಅರಮನೆ, ಝೂ, ಬೆಟ್ಟ, ಸಂಜೆಗೆ ಕೆಆರ್‌ಎಸ್ಸು, ಇಷ್ಟು ಸುತ್ತಿಸಿ ಒಂದು ಡಬ್ಬ ಮೈಸೂರ್ ಪಾಕ್ ಕೈಗಿಟ್ಟು ಬಸ್ ಹತ್ತಿಸಿ ಬಿಡ್ತೀವಿ. ಎರಡನೇ ಸಲ ಬಂದೋರಿಗೆ ಏನು ತೋರ್ಸೋದು ಅಂತ ಗೊತ್ತಾಗಲ್ಲ. ನಾನು ಅಂಥೋರನ್ನ ಬೆಳಗ್ಗೆ ಬೆಳಗ್ಗೆ ಎಬ್ಬಿಸಿ ದೊಡ್ಡ ಗಡಿಯಾರದ ಹತ್ರ ಕರ್ಕೊಂಡು ಹೋಗಿ, ಅಲ್ಲಿಂದ ಪೀರಿಯಡ್ ಸಿನಿಮಾದೋರು, ಅಂದ್ರೆ ಹಳೇ ಕಾಲದ ಕಥೆ ತೆಗೆಯೋರು, ಕ್ಯಾಮೆರಾ ಇಡೋ ಥರದ ಜಾಗಗಳನ್ನೆಲ್ಲ ಕಾಲ್ನಡಿಗೇಲಿ ತೋರಿಸ್ತೀನಿ. ಹೇಗೆ ಮಾಡೋದು ಅಂತ ಸುಮಾರು ಜನ ಕೇಳ್ತಾ ಇರ್ತಾರೆ, ಅದಕ್ಕೆ ಇದನ್ನ ಬರೀತಾ ಇದೀನಿ. ಮೈಸೂರೋರು ನೆಂಟ್ರಿಗೆ ತೋರ್ಸೋಕೂ ಆಗತ್ತೆ, ಹೊರಗಿನಿಂದ ಬರೋರು ಸ್ವಂತ ಸುತ್ತೋಕೂ ಆಗತ್ತೆ.

ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಮೈಸೂರಿನ ಮರದ ಅರಮನೆ ಸುಟ್ಟು ಹೋಗಿದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಟೈಮಲ್ಲಿ. ಈಗಿರೋ ಅರಮನೆ ಹೆನ್ರಿ ಇರ್ವಿನ್ ಪ್ಲಾನ್ ಮಾಡಿದ್ದು, ಮುಗಿದಿದ್ದು 1912ಕ್ಕೆ. ಅದರ ಆಸುಪಾಸಲ್ಲಿ, ಅಂದ್ರೆ 1880ರಿಂದ ಹೆಚ್ಚು ಕಮ್ಮಿ 1930ರ ದಶಕದ ತನಕ, ಈ ಊರಲ್ಲಿ ಕಟ್ಟಿದ್ದೇ ಕಟ್ಟಿದ್ದು. ಟೌನ್ ಹಾಲ್, ಮಾರ್ಕೆಟ್ಟು, ಕಾಲೇಜುಗಳು, ಆಸ್ಪತ್ರೆ, ಕಚೇರಿಗಳು, ಅತಿಥಿಗಳಿಗೆ ಬೇರೆ ಅರಮನೆಗಳು, ಎಲ್ಲ ಒಂದೇ ಐವತ್ತು ವರ್ಷದ ಮಾಲು. ಜೊತೆಗೆ ಅಗಲ ರಸ್ತೆ, ಕಟ್ಟಡದ ಮುಂದೆ ಖಾಲಿ ಅಂಗಳ, ಹಿಂದೆ ಮುಗಿಲೆತ್ತರದ ಅಪಾರ್ಟ್‌ಮೆಂಟ್ ಕಾಟ ಕಮ್ಮಿ. ಸಿನಿಮಾದೋರಿಗೆ ಇನ್ನೇನು ಬೇಕು ಹೇಳಿ, ಒಂದೇ ಕಂಬದ ಸಾಲು ಬೆಳಗ್ಗೆ ಕಲೆಕ್ಟರ್ ಕಚೇರಿ, ಮಧ್ಯಾಹ್ನ ಕೋರ್ಟು, ಸಂಜೆ ಮದ್ರಾಸಿನ ಕಾಲೇಜು ಆಗೋಗತ್ತೆ.

ಹಂಗಾಗಿ ಈ ನಡಿಗೇಲಿ "ಇಲ್ಲಿ ಆ ಹೀರೋ ನಿಂತಿದ್ದ" ಅಂತ ತೋರ್ಸೋದು ಚಿಕ್ಕ ಭಾಗ ಅಷ್ಟೇ. ದೊಡ್ಡ ಮಜಾ ಇರೋದು ಕ್ಯಾಮೆರಾ ಏನು ಮುಚ್ಚಿಡತ್ತೆ ಅನ್ನೋದನ್ನ ತೋರ್ಸೋದ್ರಲ್ಲಿ. ಇದನ್ನ ಬಿಟ್ಟು ಬರೀ ಸಿನಿಮಾ ಹೆಸ್ರು ಒದರ್ಕೊಂಡು ಹೋದ್ರೆ ಹತ್ತು ನಿಮಿಷಕ್ಕೆ ಜನ ಮೊಬೈಲ್ ನೋಡೋಕೆ ಶುರು ಮಾಡ್ತಾರೆ, ಗ್ಯಾರಂಟಿ.

ಹೆಸ್ರುಗಳ ವಿಷ್ಯದಲ್ಲಿ ಇನ್ನೊಂದು ತೊಂದ್ರೆ ಇದೆ. ಮೈಸೂರಲ್ಲಿ ಯಾವ ಮೂಲೇಲಿ ನಿಂತು ಕೇಳಿದ್ರೂ "ಇಲ್ಲೇ ಶೂಟಿಂಗ್ ಆಗಿತ್ತು ಸಾರ್" ಅನ್ನೋರು ಒಬ್ರು ಸಿಕ್ಕೇ ಸಿಗ್ತಾರೆ, ಯಾವ ಪಿಕ್ಚರ್ ಅಂದ್ರೆ ರಾಜ್‌ಕುಮಾರ್ ಅವರದೊಂದು, ಹಿಂದೀದೊಂದು, ರಜನೀಕಾಂತ್ ಅವರದೊಂದು ಸೇರಿಸಿ ಹೇಳ್ಬಿಡ್ತಾರೆ. ಅವ್ರು ಬೇಕೂ ಅಂತ ಸುಳ್ಳು ಹೇಳ್ತಾ ಇರಲ್ಲ, ನೆನಪು ಕಲಸೋಗಿರತ್ತೆ ಅಷ್ಟೇ. ಇಂಟರ್ನೆಟ್ಟಲ್ಲಿರೋ ಲಿಸ್ಟ್‌ಗಳೂ ಒಂದ್ರಿಂದ ಇನ್ನೊಂದು ಕಾಪಿ ಹೊಡೆದಿದ್ದು. ಅದಕ್ಕೆ ನನ್ನ ರೂಲು, ನಾನೇ ಕಣ್ಣಾರೆ ಫ್ರೇಮ್ ಹೊಂದಿಸಿ ನೋಡದೇ ಇರೋ ಸೀನನ್ನ ಗುಂಪಿಗೆ ತೋರ್ಸಲ್ಲ. ನಾಲ್ಕೈದು ಫ್ರೇಮ್ ಪಕ್ಕಾ ಇದ್ರೆ ಒಂದು ಬೆಳಗ್ಗೆಗೆ ಧಾರಾಳ.

ಹೊಂದಿಸೋದು ಹೇಗೆ ಅಂದ್ರೆ, ಮನೇಲಿ ಸಿನಿಮಾ ನೋಡ್ವಾಗ ಕ್ಯಾಮೆರಾ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿರೋ ಕಡೆ ಪಾಜ್ ಮಾಡಿ ಸ್ಕ್ರೀನ್‌ಶಾಟ್ ತಗೊಳ್ಳಿ, ಮುಖ ದೊಡ್ಡದಾಗಿರೋದು ಬೇಡ, ಹಿಂದೆ ಕಟ್ಟಡ ಕಾಣ್ಬೇಕು. ಆಮೇಲೆ ನೆಲ ನೋಡ್ಬೇಡಿ, ಮೇಲ್ಗಡೆ ನೋಡಿ. ನೆಲಕ್ಕೆ ಮಣ್ಣು ಸುರೀತಾರೆ, ಗೋಡೆಗೆ ಬಣ್ಣ ಹೊಡೀತಾರೆ, ಬೋರ್ಡ್ ಬದಲಾಯಿಸ್ತಾರೆ, ಆದ್ರೆ ಗೋಪುರದ ತುದಿ, ಕಮಾನುಗಳ ಲೆಕ್ಕ, ಕಿಟಕಿ ಮೇಲಿನ ಗಾರೆ ಕೆಲಸ, ಇವನ್ನ ಯಾರೂ ಮುಟ್ಟಲ್ಲ. ಕಮಾನು ಎಣಿಸಿ, ಸಾಲಲ್ಲಿ ಎಲ್ಲಿ ದೊಡ್ಡದಾಗತ್ತೆ ಎಲ್ಲಿ ಚಿಕ್ಕದಾಗತ್ತೆ ಅಂತ ಗುರುತು ಹಾಕ್ಕೊಳ್ಳಿ. ಸ್ಥಳಕ್ಕೆ ಹೋಗಿ ನಿಂತಾಗ ಕಟ್ಟಡದ ಅಂಚು ಹಿಂದಿರೋ ಇನ್ನೊಂದು ಕಟ್ಟಡದ ಅಂಚಿಗೆ ಎಲ್ಲಿ ಸೇರತ್ತೆ ಅನ್ನೋದು ಸ್ಕ್ರೀನ್‌ಶಾಟಲ್ಲಿ ಇರೋ ಹಂಗೇ ಬರೋ ತನಕ ಎಡಕ್ಕೆ ಬಲಕ್ಕೆ ಸರೀರಿ. ಅಲ್ಲಿಗೆ ದಿಕ್ಕು ಸಿಕ್ತು. ದೂರ ಹೊಂದಿಲ್ಲ ಅನ್ಸಿದ್ರೆ ಹಿಂದೆ ಹೋಗಿ ಮೊಬೈಲ್ ಝೂಮ್ ಎರಡು ಮಾಡಿ ನೋಡಿ, ಎಷ್ಟೋ ಸಲ ಅವ್ರು ದೂರದಿಂದ ಉದ್ದ ಲೆನ್ಸಲ್ಲಿ ತೆಗ್ದಿರ್ತಾರೆ, ಅದಕ್ಕೇ ಸಿನಿಮಾದಲ್ಲಿ ಗೋಪುರ ಹೀರೋಯಿನ್ ಭುಜದ ಮೇಲೇ ಇದ್ದಂಗೆ ಕಾಣತ್ತೆ. ಎಷ್ಟು ಒದ್ದಾಡಿದ್ರೂ ಹೊಂದ್ತಿಲ್ಲ ಅಂದ್ರೆ ಎರಡು ಕಾರಣ ಇರಬೋದು, ಕ್ಯಾಮೆರಾ ಕ್ರೇನ್ ಮೇಲಿತ್ತು, ಇಲ್ಲಾಂದ್ರೆ ಆ ಜಾಗಾನೇ ಅಲ್ಲ. ಎರಡನೇದನ್ನ ಒಪ್ಕೊಳ್ಳೋಕೆ ರೆಡಿ ಇರಿ.

ಹಳೇ ಸಿನಿಮಾ ಆದ್ರೆ ಮರಗಳನ್ನ ಮರೀಬೇಡಿ. 70ರ ದಶಕದ ಫ್ರೇಮಲ್ಲಿ ಬಯಲಾಗಿ ಕಾಣೋ ಜಾಗ ಈಗ ಮಳೆ ಮರದ ನೆರಳಲ್ಲಿ ಮುಚ್ಚಿ ಹೋಗಿರತ್ತೆ, ಇನ್ನೊಂದು ಕಡೆ ಇದ್ದ ಮರ ರಸ್ತೆ ಅಗಲ ಮಾಡೋಕೆ ಹೋಗಿರತ್ತೆ.

ಇನ್ನು ಇಸವಿ ಆಟ. ಮಕ್ಕಳಿದ್ರಂತೂ ಇದು ಸೂಪರ್ ಹಿಟ್. ಒಂದು ಚೀಟೀಲಿ ಕಟ್ಟಡಗಳ ಇಸವಿ ಬರ್ಕೊಂಡು ಹೋಗಿ, ಸಿನಿಮಾ ಕಥೆ ಯಾವ ಕಾಲದ್ದು ಅಂತ ಹೇಳಿ, ಎಲ್ಲಿ ಎಡವಿದ್ದಾರೆ ಕಂಡು ಹಿಡೀರಿ ಅನ್ನಿ. ಜಗನ್ಮೋಹನ ಅರಮನೆ 1861, ಟೌನ್ ಹಾಲ್ 1884, ಈಗಿನ ದೊಡ್ಡ ಅರಮನೆ 1912, ಲಲಿತ ಮಹಲ್ 1921, ದೊಡ್ಡ ಗಡಿಯಾರ 1927, ಫಿಲೋಮಿನಾ ಚರ್ಚು 1930ರ ದಶಕ. ಟಿಪ್ಪು ತೀರಿಕೊಂಡಿದ್ದು 1799 ಮೇ 4ಕ್ಕೆ, ಅಂದ್ರೆ ಟಿಪ್ಪು ಕಾಲದ ಕಥೇಲಿ ಹಿಂದೆ ಅಂಬಾವಿಲಾಸದ, ಅಂದ್ರೆ ಈಗಿನ ದೊಡ್ಡ ಅರಮನೆಯ, ಗುಂಬಜ್ ಕಂಡ್ರೆ ನೂರು ವರ್ಷಕ್ಕಿಂತ ಜಾಸ್ತಿ ಎಡವಟ್ಟು. ಲೈಟ್ ಕಂಬ ಇನ್ನೊಂದು. ಶಿವನಸಮುದ್ರದಲ್ಲಿ ಕರೆಂಟ್ ಶುರುವಾಗಿದ್ದೇ 1902ರಲ್ಲಿ, ಅದೂ ಮೊದ್ಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿಗೆ ಬಂದಿದ್ದು 1905ಕ್ಕೆ. 1890ರ ಮೈಸೂರಿನ ಬೀದೀಲಿ ಬಲ್ಬು ಉರೀತಿದ್ರೆ ಯಾರೋ ಕಲಾ ನಿರ್ದೇಶಕರು ನಿದ್ದೆ ಮಾಡಿದ್ದಾರೆ ಅಂತ ಅರ್ಥ. ಸುಮ್ನೆ ನಗೋಕೆ ಹೇಳಿದ್ದು, ಸಿನಿಮಾದೋರಿಗೆ ಕಟ್ಟಡದ ವಯಸ್ಸಿಗಿಂತ ಅದು ಫ್ರೇಮಲ್ಲಿ ಹೆಂಗೆ ನಿಲ್ಲತ್ತೆ ಅನ್ನೋದೇ ಮುಖ್ಯ, ಅದೂ ತಪ್ಪಲ್ಲ.

ಟೈಮ್ ವಿಷ್ಯದಲ್ಲಿ ರಾಜಿ ಬೇಡ. ಬೆಳಗ್ಗೆ ಆರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗ್ಸಿ. ರಸ್ತೆ ಖಾಲಿ ಇರತ್ತೆ, ಅರಮನೆ ಮುಖ ಪೂರ್ವಕ್ಕಿರೋದ್ರಿಂದ ಬಿಸಿಲು ನೇರ ಬೀಳತ್ತೆ, ಗಾಡಿ ಹಾರ್ನ್ ಮಧ್ಯೆ ಗಂಟಲು ಹರ್ಕೊಳ್ಳೋದು ತಪ್ಪತ್ತೆ. ಹತ್ತು ಗಂಟೆ ಮೇಲೆ ಸಯ್ಯಾಜಿರಾವ್ ರಸ್ತೆ ಫುಟ್‌ಪಾತಲ್ಲಿ ನಿಂತು ಮಾತಾಡೋಕಾಗಲ್ಲ, ನಿಂತ್ರೆ ಅಂಗಡಿಯೋರು ಬೈತಾರೆ, ನ್ಯಾಯ ಅವ್ರದ್ದೇ. ದಸರಾ ಟೈಮಲ್ಲಂತೂ ಈ ನಡಿಗೆ ಇಟ್ಕೋಬೇಡಿ, ಜಂಬೂ ಸವಾರಿ ದಾರಿ ತುಂಬ ಬ್ಯಾರಿಕೇಡು, ಗ್ಯಾಲರಿ, ಲೈಟಿಂಗು, ಒಂದು ಫ್ರೇಮೂ ಸಿಗಲ್ಲ. ಗುಂಪು ಎಂಟು ಹತ್ತು ಜನ ದಾಟಬಾರದು, ಅದಕ್ಕಿಂತ ಜಾಸ್ತಿ ಆದ್ರೆ ಹಿಂದಿರೋರಿಗೆ ನಿಮ್ಮ ಮೊಬೈಲ್ ಕಾಣಲ್ಲ, ಅರ್ಧ ಜನ ಹೂವಿನ ಅಂಗಡೀಲಿ ಕಳ್ದೋಗ್ತಾರೆ. ಸ್ಕ್ರೀನ್‌ಶಾಟ್‌ಗಳನ್ನ ಹಿಂದಿನ ರಾತ್ರೀನೇ ವಾಟ್ಸಪ್ ಗ್ರೂಪಿಗೆ ಹಾಕ್ಬಿಡಿ, ಪ್ರತಿಯೊಬ್ಬರೂ ಅವ್ರವ್ರ ಫೋನಲ್ಲೇ ಹೊಂದಿಸಿ ನೋಡ್ತಾರೆ.

ಸರಿ, ದಾರಿ.

ದೊಡ್ಡ ಗಡಿಯಾರದಿಂದ ಶುರು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರಕ್ಕೆ ಬಂದು ಇಪ್ಪತ್ತೈದು ವರ್ಷ ಆದಾಗ ಅರಮನೆ ನೌಕರರು ದುಡ್ಡು ಹಾಕಿ ಕಟ್ಟಿಸಿದ್ದು. ಗಡಿಯಾರದ ಅಂಕಿಗಳು ಕನ್ನಡದಲ್ಲಿರೋದನ್ನ ತೋರ್ಸಿ, ಮೈಸೂರಲ್ಲೇ ಹುಟ್ಟಿ ಬೆಳೆದೋರು ಎಷ್ಟೋ ಜನ ತಲೆ ಎತ್ತಿ ನೋಡಿರಲ್ಲ. ಕಥೆ ಬೇರೆ ಊರಲ್ಲಿ ನಡೀತಿದೆ ಅಂತ ತೋರಿಸೋ ಸಿನಿಮಾದೋರಿಗೆ ಈ ಅಂಕಿಗಳೇ ತಲೆನೋವು, ಕ್ಯಾಮೆರಾನ ಎಷ್ಟು ಕೆಳಗೆ ಕಟ್ ಮಾಡ್ಬೇಕು ಅಂತ ಅಲ್ಲೇ ನಿಂತು ನಿಮ್ಮ ಗುಂಪಿಗೆ ಮೊಬೈಲ್ ಹಿಡಿದು ನೋಡೋಕೆ ಹೇಳಿ. ಈ ಒಂದು ಅಭ್ಯಾಸ ಶುರೂಲೇ ಮಾಡಿಸಿದ್ರೆ ಆಮೇಲೆ ಇಡೀ ದಾರಿ ಅವ್ರೇ ನೋಡ್ಕೊಂಡು ಹೋಗ್ತಾರೆ. ಪಕ್ಕದಲ್ಲೇ ಟೌನ್ ಹಾಲು, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು, ಮುಂದಿನ ಕಂಬಗಳು ಯಾವ ಬ್ರಿಟಿಷ್ ಕೋರ್ಟಿಗೂ ಒಪ್ಪತ್ತೆ.

ಅಲ್ಲಿಂದ ಚಾಮರಾಜ ಸರ್ಕಲ್ಲು, ಅರಮನೆಯ ಉತ್ತರದ ಬಾಗಿಲು, ಕೋಟೆ ಆಂಜನೇಯ ಸ್ವಾಮಿ ಗುಡಿ. ಇಲ್ಲಿ ಐದು ನಿಮಿಷ ಸುಮ್ನೆ ನಿಂತು ಎಣಿಸೋಕೆ ಹೇಳಿ, ನಿಮ್ಮ ಕಣ್ಣ ಮುಂದೆ ಇರೋದ್ರಲ್ಲಿ 1920ಕ್ಕೆ ಸಲ್ಲದೇ ಇರೋದು ಏನೇನು. ಸಿಗ್ನಲ್ ಲೈಟು, ಸಿಸಿಟಿವಿ, ಫ್ಲೆಕ್ಸು, ಪೊಲೀಸ್ ಬೂತು, ಝೀಬ್ರಾ ಪಟ್ಟೆ, ಹಳದಿ ಪೇಂಟು ಹೊಡೆದ ಡಿವೈಡರು, ಆಟೋ, ಕೇಬಲ್ ವೈರು, ಸಿಂಟೆಕ್ಸ್ ಟ್ಯಾಂಕು. ಕಲಾ ವಿಭಾಗದೋರ ಅರ್ಧ ದಿನದ ಕೆಲ್ಸ ಅದೇ, ಇದರಲ್ಲಿ ಕೆಲವನ್ನ ಕಿತ್ತಿಡ್ತಾರೆ, ಕೆಲವದ್ರ ಮುಂದೆ ಒಂದು ಎತ್ತಿನ ಗಾಡಿನೋ ಬಾಳೆಗೊನೆ ರಾಶಿನೋ ಮಾರಾಟದ ತಳ್ಳುಗಾಡಿನೋ ತಂದು ನಿಲ್ಲಿಸ್ತಾರೆ, ಉಳಿದಿದ್ದನ್ನ ಆಮೇಲೆ ಕಂಪ್ಯೂಟರಲ್ಲಿ ಅಳಿಸ್ತಾರೆ. ಪೀರಿಯಡ್ ಸಿನಿಮಾದಲ್ಲಿ ಬೀದಿ ಬದಿ ಬೇಕಾಬಿಟ್ಟಿ ಹುಲ್ಲಿನ ಹೊರೆ ಯಾಕಿರತ್ತೆ ಅಂತ ಇದು ಗೊತ್ತಾದ ಮೇಲೆ ಅರ್ಥ ಆಗತ್ತೆ.

ಅರಮನೆ ಸುತ್ತಮುತ್ತ ಟಾಂಗಾ ಕಂಡ್ರೆ ನಿಲ್ಲಿಸಿ ಮಾತಾಡ್ಸಿ. ನಮ್ಮ ಕಡೆ ಷಾ ಪಸಂದ್ ಅಂತಾರಲ್ಲ, ಆ ಗಾಡಿಗೆ ಒಂದು ಕಾಲದಲ್ಲಿ ಸ್ಟೇಷನ್ ಮುಂದೆ ಸಾಲು ಸಾಲು. ಇವತ್ತು ಟೂರಿಸ್ಟ್ ಸವಾರಿ ಬಿಟ್ರೆ ಅವ್ರಿಗೆ ಶೂಟಿಂಗ್ ಬಾಡಿಗೇನೂ ಒಂದು ಸಂಪಾದ್ನೆ. ಇಂಥೋರ ಹತ್ರ ಮಾತಾಡೋಕೂ ಒಂದು ರೀತಿ ಇದೆ ನೋಡಿ. "ಯಾವ ಪಿಕ್ಚರ್ ಶೂಟಿಂಗ್ ಆಗಿದೆ ಯಜಮಾನ್ರೇ" ಅಂತ ಕೇಳಿದ್ರೆ ಹೆಸ್ರುಗಳ ಮಳೆ ಸುರಿಯತ್ತೆ, ಯಾವ್ದೂ ಉಪಯೋಗಕ್ಕೆ ಬರಲ್ಲ. "ಶೂಟಿಂಗೋರು ಬಂದಾಗ ಇಲ್ಲಿ ಏನೇನು ತೆಗ್ಸಿದ್ರು, ಏನು ಮುಚ್ಚಿದ್ರು, ಎಷ್ಟು ಹೊತ್ತು ರಸ್ತೆ ಬಂದ್ ಇತ್ತು" ಅಂತ ಕೇಳಿ. ಆವಾಗ ನಿಜವಾದ ಮಾಹಿತಿ ಬರತ್ತೆ, ಯಾಕಂದ್ರೆ ತಾಪತ್ರಯ ಆಗಿದ್ದನ್ನ ಯಾರೂ ಮರೆಯಲ್ಲ. ಟಾರ್ ರಸ್ತೆ ಮೇಲೆ ಲೋಡುಗಟ್ಲೆ ಕೆಮ್ಮಣ್ಣು ಸುರಿದಿದ್ದು, ಅಂಗಡಿ ಬೋರ್ಡಿಗೆ ಗೋಣಿ ಹೊದಿಸಿದ್ದು, ಕುದುರೆಗೆ ಹೊಸ ಗೆಜ್ಜೆ ಕಟ್ಟಿದ್ದು, ಇಂಥದ್ದೆಲ್ಲ. ಅದನ್ನ ಹಿಡ್ಕೊಂಡು ಮನೆಗೆ ಹೋಗಿ ಸಿನಿಮಾ ಹಾಕಿ ನೋಡಿದ್ರೆ ಸೀನು ತಾನಾಗೇ ಸಿಗತ್ತೆ.

ಕೆಆರ್ ಸರ್ಕಲ್ ದಾಟಿ ದೇವರಾಜ ಮಾರ್ಕೆಟ್ಟು. ಒಳಗೆ ಹೋಗೋದಾದ್ರೆ ಹೂವಿನ ಸಾಲು ಬೆಳಗ್ಗೆ ನೋಡ್ಬೇಕು, ಮಲ್ಲಿಗೆ, ಸೇವಂತಿಗೆ, ಕಾಕಡ ಎಲ್ಲ ಇಳಿಸ್ತಿರ್ತಾರೆ, ಬಾಳೆಹಣ್ಣಿನ ಕಡೆ ನಂಜನಗೂಡು ರಸಬಾಳೆ ವಾಸನೆ. ಇದು ಸೆಟ್ಟಲ್ಲ, ಜನರ ಹೊಟ್ಟೆಪಾಡಿನ ಜಾಗ, ಅದಕ್ಕೆ ಗುಂಪು ಕಟ್ಕೊಂಡು ದಾರಿಗೆ ಅಡ್ಡ ನಿಲ್ಬೇಡಿ, ಫೋಟೋ ತೆಗ್ಯೋ ಮೊದ್ಲು ಕೇಳಿ, ಒಂದು ಮೊಳ ಹೂವಾದ್ರೂ ತಗೊಳ್ಳಿ. 2016ರಲ್ಲಿ ಇದರ ಒಂದು ಭಾಗ ಕುಸಿದು ಬಿತ್ತು. ಚಿಕ್ಕ ಗಡಿಯಾರದ ಪಕ್ಕದ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಇನ್ನೂ ಕೆಟ್ಟ ಕಥೆ, 2012ರಲ್ಲಿ ಕುಸಿದಾಗ ನಾಲ್ಕು ಜನ ಸತ್ರು. ಹಳೇ ಪುಸ್ತಕದ ಅಂಗಡಿಗಳಿದ್ದ ಸಾಲು ಅದು, ನಮ್ಮಲ್ಲಿ ಸುಮಾರು ಜನ ಪಿಯುಸಿ ಗೈಡು ತಗೊಂಡಿದ್ದೂ ಅಲ್ಲೇ. ಪೀರಿಯಡ್ ಸಿನಿಮಾದಲ್ಲಿ "ಹಳೇ ಪೇಟೆ ಬೀದಿ" ಬೇಕು ಅಂದ್ರೆ ಈ ಥರದ ಕಮಾನು ಸಾಲಿಗಿಂತ ಚೆನ್ನಾಗಿರೋದು ಇನ್ನೆಲ್ಲಿ ಸಿಗಬೇಕು. ಹೊರಗಿಂದ ನೋಡಿ, ಒಳಗೆ ನುಗ್ಗೋ ಸಾಹಸ ಬೇಡ. ಇಂಥ ಕಟ್ಟಡ ಬಿದ್ರೆ ಬರೀ ಕಟ್ಟಡ ಹೋಗಲ್ಲ, ಆ ಬೀದಿ ಇರೋದು ಹಳೇ ಸಿನಿಮಾದ ಒಂದು ಶಾಟಲ್ಲಿ ಮಾತ್ರ ಅನ್ನೋ ಹಂಗಾಗತ್ತೆ. ಈ ನಡಿಗೇಗೆ ಸ್ಕ್ರೀನ್‌ಶಾಟ್ ತಗೊಳ್ಳೋಕೆ ನಾನು ಹೇಳೋದು ಅದಕ್ಕೂ ಸೇರಿ.

ಜಗನ್ಮೋಹನ ಅರಮನೆ ಹತ್ತಿರದಲ್ಲೇ. ಇಲ್ಲಿ ನಡಿಗೆಯ ಸ್ವಭಾವ ಬದಲಾಗತ್ತೆ. ದೊಡ್ಡ ಅರಮನೆ ಸುಟ್ಟ ಮೇಲೆ ರಾಜಮನೆತನ ಇದ್ದಿದ್ದು ಇಲ್ಲೇ, 1902ರಲ್ಲಿ ವೈಸ್‌ರಾಯ್ ಕರ್ಜನ್ ಬಂದು ನಾಲ್ವಡಿಯವ್ರಿಗೆ ಅಧಿಕಾರ ಕೊಟ್ಟಿದ್ದೂ ಇಲ್ಲೇ, 1915ರಿಂದ ಚಿತ್ರಶಾಲೆ. ಸಿನಿಮಾ ದೃಷ್ಟೀಲಿ ಇದರ ಬೆಲೆ ಹೊರಗಿನ ಮುಖಕ್ಕಿಂತ ಒಳಗಿರೋ ಚಿತ್ರಗಳಲ್ಲಿದೆ. ರವಿವರ್ಮ ಬರೆದಿರೋ ಸೀರೆ ನೆರಿಗೆ, ಅರಸು ಮನೆತನದೋರ ಪೇಟ, ಕಿವಿ ಓಲೆ, ಹಳೇ ಗ್ರೂಪ್ ಫೋಟೋಗಳಲ್ಲಿ ಯಾರು ಕೂತಿದ್ದಾರೆ ಯಾರು ನಿಂತಿದ್ದಾರೆ ಅನ್ನೋದು, ಕಾಸ್ಟ್ಯೂಮ್ ಮಾಡೋರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಎಲ್ರೂ ನಿಂತೇ ನಿಲ್ತಾರೆ, ನಿಲ್ಲಲಿ, ಒಂದೇ ದೀಪದ ಬೆಳಕಲ್ಲಿ ಮುಖ ಹೆಂಗೆ ಬೆಳಗತ್ತೆ ಅನ್ನೋದನ್ನ ಅಲ್ಲೇ ತೋರ್ಸಿ, ರಾತ್ರಿ ಸೀನಿಗೆ ಛಾಯಾಗ್ರಾಹಕರು ಒದ್ದಾಡೋದು ಇದೇ ಬೆಳಕಿಗೆ. ಆದ್ರೆ ಇದು ಬೆಳಗ್ಗೆ ಆರೂವರೆಗೆ ತೆಗ್ದಿರಲ್ಲ ಅನ್ನೋದು ಗೊತ್ತಲ್ಲ, ಹೊರಗೆ ನೋಡಿ ಮುಂದೆ ಹೋಗಿ, ತಿಂಡಿ ಆದ್ಮೇಲೆ ವಾಪಸ್ ಬನ್ನಿ.

ಆಮೇಲೆ ಹಳೇ ಡಿಸಿ ಆಫೀಸು, ಮಹಾರಾಜ ಕಾಲೇಜು, ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟು, ಕ್ರಾಫರ್ಡ್ ಹಾಲು, ಎಲ್ಲ ಒಂದೇ ಸುತ್ತಲ್ಲಿ ಸಿಗತ್ತೆ. ಕಾಲೇಜು ಆವರಣಕ್ಕೆ ಹೋಗೋ ಮೊದ್ಲು ಗೇಟಲ್ಲಿ ಹೇಳಿ ಹೋಗಿ. ಕುವೆಂಪು, ಆರ್.ಕೆ. ನಾರಾಯಣ್ ಇಬ್ರೂ ಓದಿದ ಜಾಗ ಮಹಾರಾಜ ಕಾಲೇಜು. ನಾರಾಯಣ್ ವಿಷ್ಯದಲ್ಲಿ ಒಂದು ತಮಾಷೆ ಹೇಳ್ದೆ ಇರೋಕಾಗಲ್ಲ. ಅವ್ರ ಕಾದಂಬರಿ 'ಗೈಡ್' ಸಿನಿಮಾ ಆಗೋವಾಗ ಸಿನಿಮಾ ತಂಡದೋರನ್ನ ಅವ್ರು ಮೈಸೂರು ಸುತ್ತಮುತ್ತ ಕರ್ಕೊಂಡೋಗಿ ಜಾಗ ತೋರ್ಸಿದ್ರು, ಕೊನೆಗೆ ತಂಡದೋರು ಹೋಗಿ ತೆಗ್ದಿದ್ದು ರಾಜಸ್ಥಾನದಲ್ಲಿ. ಆಮೇಲೆ ಟಿವಿಗೆ ಶಂಕರ್ ನಾಗ್ ನಾರಾಯಣ್ ಕಥೆಗಳ ಊರು ಮಾಲ್ಗುಡೀನ ಕಟ್ಟಿದ್ದು ಆಗುಂಬೇಲಿ. ಯಾದವಗಿರೀಲಿ ಮನೆ ಕಟ್ಕೊಂಡಿದ್ದ ಮನುಷ್ಯನ ಊರು ತೆರೆ ಮೇಲೆ ಬಂದಾಗ ಈ ಎರಡು ಸಲವೂ ಮೈಸೂರಿನ ಪಾಲಿಗೆ ಬೀಳ್ಲಿಲ್ಲ.

ಅಲ್ಲಿಗೆ ನಡಿಗೆ ಮುಗೀತು, ಮೂರು ಕಿಲೋಮೀಟರ್ ಆಸುಪಾಸು. ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆನೋ ಚಾಮುಂಡಿಪುರಂ ಕಡೆ ಜಿಟಿಆರ್ ಹೋಟೆಲ್ಲೋ, ನಿಮ್ಮಿಷ್ಟ, ಇದರ ಮೇಲೆ ಮನೆ ಮನೇಲೂ ಜಗಳ ಇದೆ, ನಾನು ಬಾಯಿ ಹಾಕಲ್ಲ.

ತಿಂಡಿ ಆದ್ಮೇಲೆ ಆಟೋ ಹಿಡ್ಕೊಂಡು ಹುಣಸೂರು ರಸ್ತೆಗೆ ಹೋಗಿ, ಮೈಸೂರಿನ ಸಿನಿಮಾ ಕಥೆಯ ತಿರುಳು ಇರೋದು ಅಲ್ಲೇ. ಚಿತ್ತರಂಜನ್ ಮಹಲ್ ಅಂತ ಒಂದು ಚಿಕ್ಕ ಅರಮನೆ, ರಾಜಕುಮಾರಿಯರಿಗೆ ಅಂತ ಕಟ್ಟಿಸಿದ್ದು, ಈಗ ಹೋಟೆಲ್ಲು. 1930ರ ದಶಕದಲ್ಲಿ ರಾಬರ್ಟ್ ಫ್ಲಹರ್ಟಿ ಅನ್ನೋ ನಿರ್ದೇಶಕ ಹೆಂಡ್ತಿ ಸಮೇತ ಬಂದು ಇಲ್ಲೇ ಬಿಡಾರ ಹೂಡಿ 'ಎಲಿಫೆಂಟ್ ಬಾಯ್' ಅನ್ನೋ ಚಿತ್ರ ತೆಗೆದ. ಕಿಪ್ಲಿಂಗ್ ಕಥೆ, ಮಹಾರಾಜರ ಆನೆಗಳು, ಹೀರೋ ಯಾರು ಗೊತ್ತಾ, ಕಾರಾಪುರದ ಮಾವುತನ ಮಗ ಸಾಬು, ಹುಟ್ಟಿದ್ದು 1924ರಲ್ಲಿ. ಛಾಯಾಗ್ರಾಹಕ ಬೊರಡೇಲ್ ಕಣ್ಣಿಗೆ ಬಿದ್ದ ಹುಡ್ಗ ಆಮೇಲೆ ಇಂಗ್ಲೆಂಡು, ಅಲ್ಲಿಂದ ಹಾಲಿವುಡ್ಡು. ಚಿತ್ರ ತೆರೆ ಕಂಡಿದ್ದು 1937ರಲ್ಲಿ, ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನಾನೂ ಬಂತು. ನಮ್ಮ ನಡಿಗೆಗೆ ಬೇಕಾದ ವಿಷ್ಯ ಏನಂದ್ರೆ, ಫ್ಲಹರ್ಟಿ ಇಲ್ಲಿ ತೆಗ್ದಿದ್ದನ್ನ ನೋಡಿ ನಿರ್ಮಾಪಕರಿಗೆ ಕಥೆ ಸಾಲದು ಅನ್ಸಿ, ಝೋಲ್ಟನ್ ಕೊರ್ಡಾ ಅನ್ನೋ ಇನ್ನೊಬ್ಬ ನಿರ್ದೇಶಕ ಲಂಡನ್ ಹತ್ರ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮಾತಿನ ಸೀನುಗಳನ್ನ ಮತ್ತೆ ತೆಗೆದ. ಅಂದ್ರೆ ಒಂದೇ ಚಿತ್ರದಲ್ಲಿ ಆನೆ ಹಿಂಡು ನಮ್ಮ ಕಾಡಿಂದು, ಡೈಲಾಗಿನ ಕಾಡು ಇಂಗ್ಲೆಂಡಿನ ಸೆಟ್ಟು. ಗುಂಪಿನೋರಿಗೆ ಮನೆಗೆ ಹೋಗಿ ನೋಡೋಕೆ ಹೇಳಿ, ಯಾವ ಗಿಡ ಅಸಲಿ ಯಾವುದು ನಕಲಿ ಅಂತ ನೋಡ್ತಾ ಕೂರೋದೇ ಒಂದು ಆಟ. ಹೋಟೆಲ್ಲಾಗಿರೋದ್ರಿಂದ ಸುಮ್ನೆ ಅಡ್ಡಾಡಬೇಡಿ, ತೋಟದಲ್ಲಿ ಕೂತು ಕಾಫಿ ಕುಡೀರಿ, ಕೇಳಿ ನೋಡಿ.

ಇದೇ ಕಡೆ ಪ್ರೀಮಿಯರ್ ಸ್ಟುಡಿಯೋ ಇತ್ತು, ದಕ್ಷಿಣದ ಭಾಷೆಗಳ ಚಿತ್ರಗಳೆಲ್ಲ ಬಂದು ಹೋಗ್ತಿದ್ದ ಜಾಗ. 1989 ಫೆಬ್ರವರಿ 8ಕ್ಕೆ 'ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ ಶೂಟಿಂಗ್ ನಡೀವಾಗ ಒಳಗೆ ಬೆಂಕಿ ಹತ್ತಿ 62 ಜನ ಸತ್ರು. ನಟ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಲೆ ಆಸ್ಪತ್ರೇಲಿದ್ರು. ಗಾಳಿ ಆಡೋಕೆ ಜಾಗ ಇಲ್ಲ, ಸಡಿಲ ವೈರಿಂಗು, ಗೋಡೆಗೆ ಗೋಣಿಚೀಲ, ಮೇಲೆ ದೊಡ್ಡ ದೊಡ್ಡ ಲೈಟಿನ ಕಾವು. ಸ್ಟುಡಿಯೋ ಈಗಿಲ್ಲ. ಇಲ್ಲಿ ನಿಂತಾಗ ಸೆಲ್ಫಿ, ತಮಾಷೆ ಬೇಡ ಅಂತ ಮೊದ್ಲೇ ಹೇಳಿ, ಆವತ್ತು ಮನೆಯೋರನ್ನ ಕಳ್ಕೊಂಡ ಕುಟುಂಬಗಳು ಇದೇ ಊರಲ್ಲಿ ಇದ್ದಾವೆ. ನಾನು ಇಲ್ಲಿ ಜಾಸ್ತಿ ಮಾತಾಡಲ್ಲ, ಬೆಂಕಿಗೆ ಕಾರಣ ಏನು ಅನ್ನೋದನ್ನ ಮಾತ್ರ ಸರಿಯಾಗಿ ಹೇಳಿ ಮುಂದೆ ಹೋಗ್ತೀನಿ.

ಟೈಮಿದ್ರೆ ರೈಲ್ವೆ ಮ್ಯೂಸಿಯಂ, ಮಹಾರಾಣಿಯವರ 1899ರ ಸಲೂನ್ ಬೋಗಿ ಇದೆ, ಹಳೇ ಕಾಲದ ರೈಲಿನೊಳಗೆ ಜಾಗ ಎಷ್ಟು ಇಕ್ಕಟ್ಟು ಅಂತ ನೋಡಿದ್ರೆ ಸಿನಿಮಾದ ರೈಲು ಸೀನುಗಳು ಯಾಕೆ ಸೆಟ್ಟಲ್ಲೇ ತೆಗೀತಾರೆ ಅಂತ ತಿಳಿಯತ್ತೆ. ಲಲಿತ ಮಹಲ್ ಊರಾಚೆ, ಬೆಟ್ಟದ ಕಡೆ. ವಾಸ್ತುಶಿಲ್ಪಿ ಫ್ರಿಚ್ಲಿ ಮಾಡಿದ ಪ್ಲಾನು, ವೈಸ್‌ರಾಯ್ ಬಂದ್ರೆ ಇಳ್ಕೊಳ್ಳೋಕೆ ಅಂತ ಕಟ್ಟಿಸಿದ್ದು, 1974ರಲ್ಲಿ ಹೋಟೆಲ್ ಆಯ್ತು. ಬಿಳೀ ಗುಂಬಜ್ಜು, ಜೋಡಿ ಕಂಬ, ಅಮೃತಶಿಲೆ ಮೆಟ್ಟಿಲು, ಜಮೀನ್ದಾರನ ಬಂಗಲೆ ಅಂದ್ರೆ ಎಲ್ಲ ಭಾಷೆ ಸಿನಿಮಾದೋರೂ ಇಲ್ಲಿಗೇ ಬರ್ತಾರೆ. ಒಳಗೆ ಬಿಡ್ತಾರಾ, ಎಷ್ಟು ಹೊತ್ತಿಗೆ ಅಂತ ಮೊದ್ಲೇ ಫೋನ್ ಮಾಡಿ ಕೇಳ್ಕೊಂಡು ಹೋಗಿ.

ಅನುಮತಿ ಬಗ್ಗೆ ಒಂದೆರಡು ಮಾತು. ಮೊಬೈಲ್ ಫೋಟೋಗೆ ರಸ್ತೇಲಿ ಯಾರೂ ಕೇಳಲ್ಲ, ಆದ್ರೆ ಟ್ರೈಪಾಡ್ ಬಿಚ್ಚಿದ ತಕ್ಷಣ ನೀವು ಟೂರಿಸ್ಟ್ ಅಲ್ಲ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಬೇರೆ ಪರ್ಮಿಷನ್ ಬೇಕು. ಡ್ರೋನು ಮನೇಲೇ ಇರ್ಲಿ. ದುಡ್ಡು ತಗೊಂಡು ಟೂರ್ ಮಾಡೋ ಯೋಚ್ನೆ ಇದ್ರೆ ಹೋಟೆಲ್ಲು, ಕಾಲೇಜು, ಮ್ಯೂಸಿಯಂ ಎಲ್ಲ ಕಡೆ ಬರವಣಿಗೇಲಿ ಕೇಳ್ಕೊಳ್ಳಿ. ದಾರೀಲಿ ನಿಜವಾದ ಶೂಟಿಂಗೇ ಸಿಕ್ಕಿದ್ರೆ ಅದೃಷ್ಟ, ಹಗ್ಗದಾಚೆ ನಿಂತು ನೋಡಿ, ಫೋನ್ ಸೈಲೆಂಟ್ ಮಾಡಿ, ವಿಡಿಯೋ ತೆಗೆದು ಹಾಕೋಕೆ ಹೋಗ್ಬೇಡಿ, ಯೂನಿಟ್ ಹುಡುಗ್ರು ಬಂದು ಡಿಲೀಟ್ ಮಾಡ್ಸೋ ತನಕ ಬಿಡಲ್ಲ.

ಇನ್ನೊಂದು ದಿನ ಕೈಲಿದ್ರೆ ಮಂಡ್ಯ ಜಿಲ್ಲೆ ಕಡೆ ಹೊರಡಿ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಗೋಡೆ ಚಿತ್ರಗಳನ್ನ ಸಾವಕಾಶವಾಗಿ ನೋಡಿ, ಯುದ್ಧದ ಸೀನಲ್ಲಿ ಕುದುರೆ, ಫಿರಂಗಿ, ಪಲ್ಲಕ್ಕಿ ಹೆಂಗೆ ಜೋಡಿಸ್ಬೇಕು ಅಂತ ಆ ಕಾಲದೋರೇ ಬರೆದಿಟ್ಟಿದ್ದಾರೆ. ಕಾವೇರಿ ದಂಡೆಯ ಮಹದೇವಪುರಕ್ಕೆ ಹೋದ್ರೆ ಸಿನಿಮಾದ ಹಳ್ಳಿ ಅಂದ್ರೆ ಇದೇ ಅನ್ನೋ ಹಂಗಿದೆ, ಶೂಟಿಂಗು ಅಲ್ಲಿಯೋರಿಗೆ ಹೊಸದೇನಲ್ಲ.

ಕೊನೆಗೆ ಮೇಲುಕೋಟೆ, ಮೈಸೂರಿಂದ ಸುಮಾರು 50 ಕಿಲೋಮೀಟರು, ಪಾಂಡವಪುರ ಜಕ್ಕನಹಳ್ಳಿ ಮೇಲೆ. ಫ್ರೇಮ್ ಹೊಂದಿಸೋ ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ಜಾಗ ಇಲ್ಲ, ಯಾಕಂದ್ರೆ ಎಲ್ಲ ಕಲ್ಲು, ಏನೂ ಬದಲಾಗಿಲ್ಲ. ಮಣಿರತ್ನಂ ಅವರ 1991ರ 'ದಳಪತಿ' ಇಲ್ಲಿ ತೆಗ್ದಿದ್ದು, ಅದೇ ನಿರ್ದೇಶಕರು 2007ರ 'ಗುರು' ಚಿತ್ರದ ಮಳೆ ಹಾಡಿಗೂ ಇಲ್ಲಿಗೇ ಬಂದ್ರು, ಆ ಚಿತ್ರದ ಕಥೆ ಶುರುವಾಗೋದು 1950ರ ದಶಕದಲ್ಲಿ. ಹಾಡಿನ ಉಳಿದ ಭಾಗ ಕೇರಳದ ಅತಿರಪ್ಪಳ್ಳಿ ಜಲಪಾತದ್ದು, ಹಾಗಾಗಿ ಒಂದು ಹೆಜ್ಜೆ ಮೇಲುಕೋಟೇಲಿ ಇನ್ನೊಂದು ಹೆಜ್ಜೆ ಕೇರಳದಲ್ಲಿ. ಹಾಡನ್ನ ಫೋನಲ್ಲಿ ಹಾಕ್ಕೊಂಡು ಎಲ್ಲಿ ಕಲ್ಲು ಎಲ್ಲಿ ಜಲಪಾತ ಅಂತ ಕಟ್ ಎಣಿಸಿ. ರಾಯಗೋಪುರ ಪೂರ್ತಿ ಕಟ್ಟಿ ಮುಗಿಸದೆ ಬಿಟ್ಟಿದ್ದು, ಮೇಲೆ ಬರೀ ಆಕಾಶ. ನಾಲ್ಕು ಕಂಬದ ಮಧ್ಯೆ ಯಾರನ್ನ ನಿಲ್ಲಿಸಿದ್ರೂ ರಾಜನ ಥರಾನೇ ಕಾಣ್ತಾರೆ, ನಿಮ್ಮ ಭಾವನೋರನ್ನ ನಿಲ್ಲಿಸಿ ನೋಡಿ. ಕಲ್ಯಾಣಿ ಮೆಟ್ಟಿಲ ಮೇಲೆ ಬೆಳಗ್ಗೆ ಬೇಗ ಹೋದ್ರೆ ಜನ ಕಮ್ಮಿ, ಅಕ್ಕ ತಂಗಿ ಕೊಳದ ಹತ್ರ ಪಾಚಿ ಇರತ್ತೆ, ಮಕ್ಕಳನ್ನ ಕೈ ಬಿಡ್ಬೇಡಿ. ವೈರಮುಡಿ ಉತ್ಸವದ ಟೈಮಲ್ಲಿ ಹೋದ್ರೆ ಕಾಲಿಡೋಕೂ ಜಾಗ ಸಿಗಲ್ಲ, ಬೇರೆ ದಿನ ನೋಡ್ಕೊಳ್ಳಿ. ಪುಳಿಯೋಗರೆ ಮಧ್ಯಾಹ್ನದ ಒಳಗೆ ತಿನ್ಬಿಡಿ, ಲೇಟಾದ್ರೆ ಖಾಲಿ ಆಗೋದೂ ಉಂಟು. ಬಸ್ಸಲ್ಲಿ ಹೋಗೋರು ವಾಪಸ್ ಬಸ್ಸಿನ ಟೈಮನ್ನ ಇಳಿದ ತಕ್ಷಣ ಸ್ಟ್ಯಾಂಡಲ್ಲೇ ಕೇಳಿಟ್ಕೊಂಡು ಆಮೇಲೆ ಗೋಪುರದ ಕಡೆ ಹತ್ತಿ.